ಅಂಗಳದ ಕಾಶಿ ಕಣಗಿಲೆಯಿಂದ ಆಸ್ಪತ್ರೆಯ ಸೀಸೆವರೆಗೆ

[ದೃಶ್ಯ: ಗುಬ್ಬಿ ತಾಲ್ಲೂಕಿನ ಒಂದು ಮನೆಯಂಗಳ. ತೊಟ್ಟಿ ಪಕ್ಕ ನಸುಗೆಂಪು ಹೂವಿನ ಗಿಡ.]

ನಮಸ್ಕಾರ. ಈ ಗಿಡ ಗುರುತು ಸಿಕ್ತಾ? ಕಾಶಿ ಕಣಗಿಲೆ. ಕೆಲವರು ನಿತ್ಯಪುಷ್ಪ ಅಂತೀರಿ. ನೀರು ಹಾಕೋದು ಮರೆತ್ರೂ ಹೂ ಬಿಡೋದು ಮರೆಯಲ್ಲ. ಎಲೆ ಬಲು ಕಹಿ, ಮೇಕೆ ಕೂಡ ಬಾಯಿ ಹಾಕಲ್ಲ.

ಹೋದ ತಿಂಗಳು ಈ ಮನೆ ಅಜ್ಜಿ ಒಂದು ಹಿಡಿ ಎಲೆ ತೋರಿಸಿ ಕೇಳಿದ್ರು: "ಮಗಾ, ಇದ್ರಾಗೆ ಕ್ಯಾನ್ಸರ್ ಔಷ್ದಿ ಐತಂತೆ. ಕಷಾಯ ಕಾಸಿ ನಮ್ಮೆಜಮಾನ್ರಿಗೆ ಕೊಡ್ಲಾ?" ಬೇಡ ಅಜ್ಜಿ ಅಂದೆ. ಯಾಕೆ ಅಂತ ನಿಂತ ಕಾಲಲ್ಲಿ ಹೇಳೋಕಾಗ್ಲಿಲ್ಲ. ಈಗ ಹೇಳ್ತೀನಿ.

ಔಷಧಿ ಇರೋದು ನಿಜ. 1952ರಲ್ಲಿ ಜಮೈಕಾದಿಂದ ಕೆನಡಾಕ್ಕೆ ಒಂದು ಲಕೋಟೆ ಹೋಯ್ತು. ಒಳಗೆ ಇದೇ ಗಿಡದ 25 ಎಲೆ. ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡೀತಿದ್ರು. ವಿಜ್ಞಾನಿ ರಾಬರ್ಟ್ ನೋಬಲ್ ಇಲಿಗಳ ಮೇಲೆ ನೋಡಿದ್ರು. ಸಕ್ಕರೆ ಇಳೀಲಿಲ್ಲ, ಬಿಳಿ ರಕ್ತಕಣ ಇಳಿದ್ವು. ಬಿಳಿ ಕಣ ಹುಚ್ಚಾಪಟ್ಟೆ ಹೆಚ್ಚೋ ರಕ್ತದ ಕ್ಯಾನ್ಸರ್‌ಗೆ ಇದು ಆಗಬಹುದಲ್ಲ! ರಸಾಯನ ವಿಜ್ಞಾನಿ ಚಾರ್ಲ್ಸ್ ಬಿಯರ್ ಜೊತೆ ಸೇರಿ ಅದರ ಸಾರವನ್ನ ಬೇರ್ಪಡಿಸಿದ್ರು: ವಿನ್‌ಬ್ಲಾಸ್ಟಿನ್, 1958. ಅದರ ಒಡಹುಟ್ಟು ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಇವತ್ತಿಗೂ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಡ್ತಾರೆ.

[ದೃಶ್ಯ: ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಕೈಗಳು.]

ಕೆಲಸ ಹೇಗೆ ಮಾಡುತ್ತೆ? ನಮ್ಮ ಕಡೆ ನಾರು ಹೊಸೆದು ಹಗ್ಗ ಮಾಡ್ತಾರಲ್ಲ, ಜೀವಕೋಶ ಒಡೆದು ಎರಡಾಗೋವಾಗ ಒಳಗೆ ಹಾಗೇ ಹಗ್ಗ ಹೊಸೆಯುತ್ತೆ. ಟ್ಯೂಬುಲಿನ್ ಅನ್ನೋ ಪ್ರೋಟೀನೇ ನಾರು. ಕ್ರೋಮೋಸೋಮುಗಳನ್ನ, ಅಂದ್ರೆ ವಂಶವಾಹಿ ಹೊತ್ತಿರೋ ಎಳೆಗಳನ್ನ, ಆಕಡೆ ಈಕಡೆ ಎಳೆಯೋದು ಈ ಹಗ್ಗ. ವಿನ್‌ಕ್ರಿಸ್ಟಿನ್ ನಾರಿಗೇ ಅಂಟಿಕೊಳ್ಳುತ್ತೆ, ಹೊಸೆಯೋದು ನಿಲ್ಲುತ್ತೆ, ಕೋಶ ಸಾಯುತ್ತೆ. ಆದ್ರೆ ನಮ್ಮ ನರಗಳ ಉದ್ದಕ್ಕೂ ಇರೋದು ಇದೇ ಹಗ್ಗ. ಅದಕ್ಕೇ ಈ ಚಿಕಿತ್ಸೆಯಲ್ಲಿ ಕೈಕಾಲು ಜೋಮು ಹಿಡಿಯೋದು.

ಈಗ ಅಳತೆ ನೋಡಿ. 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆಜಿ ಒಣ ಎಲೆ ಬೇಕು. ಎಲೆಯಲ್ಲಿ ಹೇರಳವಾಗಿರೋ ಬೇರೆ ಎರಡು ಸಾರಗಳನ್ನ ಲ್ಯಾಬಲ್ಲಿ ಜೋಡಿಸಿ ಅದನ್ನ ಮಾಡೋ ವಿದ್ಯೆ ಆಮೇಲೆ ಬಂತು. ಅಣುವನ್ನೇ ಸ್ವಲ್ಪ ತಿದ್ದಿ ವಿನೊರೆಲ್ಬಿನ್ ಅನ್ನೋ ಇನ್ನೊಂದು ಕ್ಯಾನ್ಸರ್ ಔಷಧಿ ಮಾಡಿದ್ರು. ಗಿಡ ಕೊಡೋದು ಸುಳಿವು. ಔಷಧಿ ಆಗೋಕೆ ಇಷ್ಟೆಲ್ಲ ದುಡಿಮೆ ಬೇಕು.

"ಆ ಬೇರಿನ ರಸ ಕ್ಯಾನ್ಸರ್ ಕೋಶ ಕೊಲ್ಲುತ್ತೆ" ಅನ್ನೋ ಸುದ್ದಿ ಸಿದ್ಧರಬೆಟ್ಟದ ಗಿಡಮೂಲಿಕೆ ಬಗ್ಗೆಯೂ ವಾಟ್ಸಾಪಲ್ಲಿ ಓಡಾಡುತ್ತೆ. ಗಾಜಿನ ತಟ್ಟೆಯಲ್ಲಿರೋ ಕೋಶ ಸುಣ್ಣದ ನೀರಿಗೂ ಸಾಯುತ್ತೆ! ಒಳ್ಳೇ ಕೋಶ ಉಳೀತಾ, ಎಷ್ಟು ಕೊಟ್ರೆ ಮನುಷ್ಯ ತಡ್ಕೋತಾನೆ, ಇದನ್ನ ಮೊದಲು ಪ್ರಾಣಿಗಳಲ್ಲಿ, ಆಮೇಲೆ ಮೂರು ಹಂತದಲ್ಲಿ ಜನರಲ್ಲಿ ನೋಡ್ತಾರೆ. ಹೆಚ್ಚಿನವು ಇಲ್ಲೇ ಉದುರಿಹೋಗ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1981ರವರೆಗೆ ಸುಮಾರು 35,000 ಜಾತಿಯ ಗಿಡ ಶೋಧಿಸಿತು. ಔಷಧಿ ಆದವು ಬೆರಳೆಣಿಕೆ.

[ದೃಶ್ಯ: ಅಂಗೈ ಮೇಲೆ ಪುಟ್ಟ ಗಾಜಿನ ಸೀಸೆ.]

ಈ ಸೀಸೆಯಲ್ಲಿ ವಿನ್‌ಕ್ರಿಸ್ಟಿನ್ ಇರೋದು 1 ಮಿಲಿಗ್ರಾಂ. ಮೈಯ ಅಳತೆ ಲೆಕ್ಕ ಹಾಕಿ ರಕ್ತನಾಳಕ್ಕೆ ಮಾತ್ರ ಕೊಡ್ತಾರೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದ್ರೆ ಜೀವಕ್ಕೇ ಕುತ್ತು. ಕಷಾಯದ ಲೋಟದಲ್ಲಿ ಎಷ್ಟಿದೆ, ಯಾರು ಅಳೀತಾರೆ?

ಅಜ್ಜಿ, ಈ ವಿಡಿಯೋ ನೋಡ್ತಿದ್ರೆ ಒಂದು ಮಾತು. ಆಗಲೇ ಕೊಟ್ಟಿದ್ರೆ, ಬೈತಾರೆ ಅಂತ ಮುಚ್ಚಿಡಬೇಡಿ, ಡಾಕ್ಟರ ಹತ್ರ ಹೇಳಿಬಿಡಿ. ತಾತನ ರಕ್ತಕಣ ಇಳಿದಿದ್ರೆ ಅದು ಆಸ್ಪತ್ರೆಯ ಕೀಮೋ ಔಷಧಿಯಿಂದಲಾ, ಕಷಾಯದಿಂದಲಾ ಅಂತ ಅವರಿಗೆ ಗೊತ್ತಾಗಬೇಕು.