ಯಂಗರ್ ಮನೆಯ 10,000 ಡಾಲರ್

ಕೇಳುಗರಿಗೆ ನಮಸ್ಕಾರ.

ಷಿಕಾಗೊ ನಗರದ ದಕ್ಷಿಣ ಭಾಗ. ಕಪ್ಪು ಜನರ ಕೇರಿಯ ಇಕ್ಕಟ್ಟಿನ ಬಾಡಿಗೆ ಮನೆಯಲ್ಲಿ ಯಂಗರ್ ಕುಟುಂಬದ ಐವರು. ಹುಡುಗ ಟ್ರಾವಿಸ್ ಮಲಗುವುದು ನಡುಮನೆಯ ಸೋಫಾದ ಮೇಲೆ. ಬಚ್ಚಲು ಹೊರಗಿದೆ, ಅದಕ್ಕೂ ನೆರೆಯವರೊಂದಿಗೆ ಸರದಿ. ಲೊರೇನ್ ಹ್ಯಾನ್ಸ್‌ಬೆರಿ ಅವರ 'ಎ ರೈಸಿನ್ ಇನ್ ದ ಸನ್' ನಾಟಕ ನಡೆಯುವುದು ಇಲ್ಲಿ. 1959ರ ಮಾರ್ಚ್‌ನಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಾಗ ಲೇಖಕಿಗೆ 28 ವರ್ಷ. ಕಪ್ಪು ಮಹಿಳೆಯೊಬ್ಬರು ಬರೆದ ನಾಟಕ ಅಲ್ಲಿ ರಂಗವೇರಿದ್ದು ಅದೇ ಮೊದಲು.

ತೀರಿಕೊಂಡ ಯಜಮಾನನ ಜೀವವಿಮೆಯ 10,000 ಡಾಲರ್ ಬರಲಿದೆ. ತಾಯಿ ಲೀನಾಗೆ ಸ್ವಂತ ಮನೆ ಬೇಕು, ಮಗಳು ಬೆನೀಥಾ ಡಾಕ್ಟರಾಗಬೇಕು. ಸಿರಿವಂತರ ಕಾರು ಓಡಿಸುವ ಮಗ ವಾಲ್ಟರ್‌ಗೆ ಮದ್ಯದಂಗಡಿ ತೆರೆಯುವ ಹಂಬಲ.

ವಾಲ್ಟರ್ ಬರೀ ದುಡ್ಡಿನ ಹುಚ್ಚಿನವನೆಂದರೆ ನಾನು ಒಪ್ಪುವುದಿಲ್ಲ. ಮೊದಲ ದೃಶ್ಯದಲ್ಲೇ ಟ್ರಾವಿಸ್ ಶಾಲೆಗೆಂದು 50 ಸೆಂಟ್ ಕೇಳುತ್ತಾನೆ. ತಾಯಿ ರೂತ್ ಇಲ್ಲವೆಂದಿದ್ದಾಳೆ. ವಾಲ್ಟರ್ ಹೆಂಡತಿಯನ್ನು ದುರುಗುಟ್ಟಿ ನೋಡುತ್ತಲೇ ಮಗನಿಗೆ ಆ 50 ಸೆಂಟ್ ಕೊಡುತ್ತಾನೆ, ಅದರ ಮೇಲೆ ಇನ್ನೂ 50 ಕೊಡುತ್ತಾನೆ. ಆಮೇಲೆ ಕೆಲಸಕ್ಕೆ ಹೊರಟವನು ವಾಪಸು ಬಂದು, ದಾರಿ ಖರ್ಚಿಗೆ ಅದೇ ಹೆಂಡತಿಯ ಮುಂದೆ ಕೈಯೊಡ್ಡುತ್ತಾನೆ. ಮಗನೆದುರು ಬರಿಗೈಯವನಾಗಿ ನಿಲ್ಲಲಾರದ ಈ ಅಪ್ಪನ ಸಂಕಟವೇ ನನ್ನ ಮಟ್ಟಿಗೆ ನಾಟಕದ ಜೀವಾಳ.

ಲೀನಾ 3,500 ಡಾಲರ್ ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಗೊತ್ತುಮಾಡುತ್ತಾಳೆ. ತಂಗಿಯ ಓದಿಗೆ 3,000 ತೆಗೆದಿಡು ಎಂದು ಹೇಳಿ ಉಳಿದದ್ದನ್ನು ವಾಲ್ಟರ್‌ಗೆ ಒಪ್ಪಿಸುತ್ತಾಳೆ. ಅವನು ಅಷ್ಟನ್ನೂ ಅಂಗಡಿಗೆ ಸುರಿಯುತ್ತಾನೆ. ಪಾಲುದಾರ ಹಣದೊಂದಿಗೆ ಪರಾರಿ. ನೀವು ಬರದಿದ್ದರೆ ಹೆಚ್ಚಿನ ಬೆಲೆಗೆ ಆ ಮನೆಯನ್ನು ನಾವೇ ಕೊಳ್ಳುತ್ತೇವೆಂದು ಬಿಳಿಯರ ಸಂಘದ ಲಿಂಡ್ನರ್ ಮೊದಲೇ ಬಂದು ಹೇಳಿ ಹೋಗಿದ್ದ. ಸೋತ ವಾಲ್ಟರ್ ಅವನನ್ನು ತಾನೇ ಕರೆಸುತ್ತಾನೆ. ರೂತ್ ಹುಡುಗನನ್ನು ಹೊರಗೆ ಕಳಿಸಲು ನೋಡಿದರೆ ಲೀನಾ ತಡೆಯುತ್ತಾಳೆ: ಮಾಡುವುದನ್ನು ಮಗನ ಕಣ್ಣೆದುರೇ ಮಾಡಲಿ. ಟ್ರಾವಿಸ್ ಎದುರಿಗಿರುವಾಗ ವಾಲ್ಟರ್ ಆ ಹಣಕ್ಕೆ ಕೈಚಾಚಲಾರ. ನಾವು ಬಂದೇ ಬರುತ್ತೇವೆ ಎಂದುಬಿಡುತ್ತಾನೆ.

ಹೋದ ಮೇಲೆ ಏನಾಯಿತೆಂದು ನಾಟಕ ತೋರಿಸುವುದಿಲ್ಲ. ಆದರೆ ಲೇಖಕಿ ಬಾಲ್ಯದಲ್ಲಿ ಅದನ್ನು ಅನುಭವಿಸಿದ್ದರು. 1937ರಲ್ಲಿ ಅವರ ತಂದೆ ಷಿಕಾಗೊದ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ಜನ ಗುಂಪುಕಟ್ಟಿ ಬಂದಿದ್ದರು. ತಂದೆಯ ಮೊಕದ್ದಮೆ 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ತಂದೆ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದಾಗ ತಾಯಿ ಗುಂಡು ತುಂಬಿದ ಪಿಸ್ತೂಲು ಹಿಡಿದು, ರಾತ್ರಿಯಿಡೀ ಮನೆಯಲ್ಲಿ ನಾಲ್ವರು ಮಕ್ಕಳಿಗೆ ಕಾವಲಿದ್ದರು.