ಸೇಬಿನ ಭಕ್ತರ ನಿಂದಾಸ್ತುತಿ

ಆತ್ಮೀಯ ಶ್ರೋತೃಗಳಿಗೆ ನಮಸ್ಕಾರ.

2023ರ ಏಪ್ರಿಲ್ 18ರಂದು ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಆಪಲ್ ಕಂಪನಿಯು ಭಾರತದಲ್ಲಿನ ತನ್ನ ಮೊದಲ ಸ್ವಂತ ಮಳಿಗೆಯನ್ನು ತೆರೆಯಿತು. ಕಂಪನಿಯ ಮುಖ್ಯಸ್ಥರಾದ ಟಿಮ್ ಕುಕ್ ಅವರೇ ಬಾಗಿಲು ತೆರೆದು ಗಿರಾಕಿಗಳನ್ನು ಬರಮಾಡಿಕೊಂಡರು. ಹೊರಗೆ ಸೇರಿದ್ದ ಜನರಲ್ಲಿ ಒಬ್ಬರು ತಮ್ಮಲ್ಲಿದ್ದ, ಆಪಲ್ ಕಂಪನಿಯದೇ ಆದ ಹಳೆಯ ಕಾಲದ ಮ್ಯಾಕಿಂಟಾಷ್ (ಮ್ಯಾಕ್) ಕಂಪ್ಯೂಟರನ್ನೇ ಎತ್ತಿಕೊಂಡು ಬಂದಿದ್ದರು. ಅದನ್ನು ಕಂಡು ಕುಕ್ ಬೆರಗಾದ ಚಿತ್ರ ಎಲ್ಲೆಡೆ ಹರಿದಾಡಿತು. ಫ್ರಿಜ್ಜನ್ನೋ ಮಿಕ್ಸರನ್ನೋ ಮಾಡುವ ಕಂಪನಿಯ ಅಂಗಡಿ ತೆರೆದರೆ ಯಾರೂ ತಮ್ಮ ಮನೆಯ ಹಳೆಯ ಮಿಕ್ಸರನ್ನು ಹೊತ್ತು ತರುವುದಿಲ್ಲ. ಕಂಪ್ಯೂಟರಿನ ಒಂದು ಗುರುತಿಗೆ ಮಾತ್ರ ಇಂಥ ಒಕ್ಕಲು ಹೇಗೆ ಹುಟ್ಟಿಕೊಂಡಿತು, ಆ ಒಕ್ಕಲನ್ನು ಹಂಗಿಸುವವರ ಮಾತಿನಲ್ಲಿ ಹುರುಳೆಷ್ಟು ಎಂಬುದೇ ಇಂದಿನ ಮಾತಿನ ವಿಷಯ.

ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಜಗಳ ಹೆಚ್ಚಾಗಿ ಎರಡು ತಲೆಮಾರುಗಳ ನಡುವೆ ನಡೆಯುತ್ತದೆ. ಲೋವರ್ ಪರೇಲಿನ ಜಾಹೀರಾತು ಕಚೇರಿಯಲ್ಲೋ ಅಂಧೇರಿಯ ಎಡಿಟಿಂಗ್ ಸ್ಟುಡಿಯೋದಲ್ಲೋ ದುಡಿಯುವ ಅಳಿಯ, “ಮಾವ, ನೀವು ಒಂದು ವಾರ ಈ ಮ್ಯಾಕ್‌ನಲ್ಲಿ ಕೆಲಸ ಮಾಡಿ ನೋಡಿ, ಆಮೇಲೆ ಮಾತಾಡಿ” ಎನ್ನುತ್ತಾನೆ. ಮಾಟುಂಗಾದಲ್ಲಿ ಹೋಟೆಲು ನಡೆಸಿ ಕೂದಲು ನೆರೆತ ಮಾವ, “ಆ ದುಡ್ಡಿಗೆ ನಮ್ಮ ಅಡುಗೆಮನೆಗೆ ಹೊಸ ಗ್ರೈಂಡರೇ ಬರುತ್ತದಲ್ಲ ಮಾರಾಯ” ಎಂದು ಬಾಯಿ ಮುಚ್ಚಿಸುತ್ತಾರೆ. ಮಾವನವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಆದರೆ ಅಳಿಯನ ಅಭಿಮಾನಕ್ಕೂ ಈ ಊರಿನಲ್ಲಿ ಒಂದು ಚರಿತ್ರೆಯಿದೆ. 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಮುದ್ರಕವೂ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ತಂತ್ರಾಂಶವೂ ಒಟ್ಟಿಗೆ ಬಂದ ಮೇಲೆ, ಪುಟವನ್ನು ಪರದೆಯ ಮೇಲೆಯೇ ಜೋಡಿಸಿ, ಕಂಡಂತೆಯೇ ಮುದ್ರಿಸುವ ಡಿ.ಟಿ.ಪಿ. ಕೆಲಸ ಸಾಧ್ಯವಾಯಿತು. ಜಾಹೀರಾತು, ಮುದ್ರಣ, ಸಿನಿಮಾ ಈ ಮೂರನ್ನೂ ನೆಚ್ಚಿಕೊಂಡ ನಗರದಲ್ಲಿ ಮ್ಯಾಕ್ ಎಂದರೆ ಕಸುಬಿನ ಹತಾರ ಎಂಬ ಭಾವನೆ ಬೇರೂರಿದ್ದು ಹೀಗೆ. ಹತಾರವನ್ನು ನೆಚ್ಚಿದವನು ಅದನ್ನು ಹಳಿಯಲು ಬಂದವನ ಮೇಲೆ ಹರಿಹಾಯುವುದು ಸಹಜ.

ಇದೇ ಊರಿನಲ್ಲಿ ಕನ್ನಡ ಅಕ್ಷರ ಜೋಡಿಸುವವರ ಅನುಭವ ಮಾತ್ರ ಬೇರೆ. ಸಂಘಗಳ ಸ್ಮರಣ ಸಂಚಿಕೆ, ಮದುವೆಯ ಆಮಂತ್ರಣ, ಯಕ್ಷಗಾನದ ಕರಪತ್ರ ಇವುಗಳನ್ನು ಸಿದ್ಧಪಡಿಸುವವರಿಗೆ ಬೇಕಾಗಿದ್ದ ಬರಹ ಮತ್ತು ನುಡಿ ತಂತ್ರಾಂಶಗಳು ವಿಂಡೋಸ್ ಕಂಪ್ಯೂಟರುಗಳಿಗಾಗಿ ರೂಪುಗೊಂಡವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಇತ್ತು. ಐಫೋನಿಗೆ ಕಂಪನಿಯದೇ ಆದ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಕನ್ನಡದ ಪ್ರಮಾಣಿತ ಕೀಲಿಮಣೆಗೆ ಆಧಾರವಾದ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು ಎಂಬುದನ್ನು ನೆನೆದಾಗ, ಈ ಊರಿನ ಕನ್ನಡಿಗರು ಅಷ್ಟು ವರ್ಷ ಕಾಯಬೇಕಾಗಿ ಬಂದದ್ದು ಇನ್ನಷ್ಟು ಚುಚ್ಚುತ್ತದೆ. ಸೇಬಿನ ಗುರುತನ್ನು ಕಂಡು ಮುಖ ತಿರುಗಿಸುವ ಕನ್ನಡ ಡಿ.ಟಿ.ಪಿ.ಯವರನ್ನು ಹೊಟ್ಟೆಕಿಚ್ಚಿನವರೆಂದು ತಳ್ಳಿಹಾಕುವ ಅಭಿಮಾನಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಇನ್ನು ಅಭಿಮಾನದ ಅತಿರೇಕಕ್ಕೆ ಬರೋಣ. 1997ರ ಆಗಸ್ಟ್‌ನಲ್ಲಿ ಬಾಸ್ಟನ್ ನಗರದಲ್ಲಿ ಮ್ಯಾಕ್ ಬಳಕೆದಾರರ ಸಮಾವೇಶ ನಡೆಯಿತು. ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ಹನ್ನೆರಡು ವರ್ಷಗಳ ಹಿಂದೆ ಹೊರಹೋಗಿದ್ದ, ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಆಗಷ್ಟೇ ಮರಳಿದ್ದರು. ವಿಂಡೋಸ್ ತಯಾರಿಸುವ ಪ್ರತಿಸ್ಪರ್ಧಿ ಮೈಕ್ರೋಸಾಫ್ಟ್ ಕಂಪನಿಯು ಆಪಲ್‌ನಲ್ಲಿ 15 ಕೋಟಿ ಡಾಲರ್ ಹೂಡಲಿದೆ ಎಂದು ಅವರು ಪ್ರಕಟಿಸಿದಾಗ, ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಆ ಕಂಪನಿಯ ಮುಖ್ಯಸ್ಥ ಬಿಲ್ ಗೇಟ್ಸ್ ಅವರ ಮುಖ ಮೂಡಿತು. ಸಭೆಯಲ್ಲಿದ್ದ ಅಭಿಮಾನಿಗಳು ಕೂಗಿ ಧಿಕ್ಕರಿಸಿದರು. ತಮ್ಮ ಪ್ರೀತಿಯ ಕಂಪನಿಗೆ ಹಣ ಕೊಟ್ಟು ನೆರವಾಗಲು ಬಂದವರನ್ನೇ ಅವರು ಧಿಕ್ಕರಿಸುತ್ತಿದ್ದರು. ಆಪಲ್ ಗೆಲ್ಲಬೇಕಾದರೆ ಮೈಕ್ರೋಸಾಫ್ಟ್ ಸೋಲಲೇಬೇಕು ಎಂಬ ಭಾವನೆಯನ್ನು ಬಿಡಬೇಕೆಂದು ಜಾಬ್ಸ್ ಅದೇ ವೇದಿಕೆಯಿಂದ ತಿಳಿಹೇಳಬೇಕಾಯಿತು. ದೇವರೇ ರಾಜಿಗೆ ಒಪ್ಪಿದರೂ ಪರಿವಾರದವರು ಒಪ್ಪದ ಪ್ರಸಂಗವಿದು.

ಇದಕ್ಕಿಂತಲೂ ನನಗೆ ಸ್ವಾರಸ್ಯವಾಗಿ ಕಾಣುವುದು ಇಂಟೆಲ್ ಚಿಪ್ಪಿನ, ಅಂದರೆ ಕಂಪ್ಯೂಟರಿನ ಮೆದುಳಾದ ಪ್ರೊಸೆಸರಿನ, ಪ್ರಕರಣ. 1998ರಲ್ಲಿ ಆಪಲ್ ತನ್ನ ಜಾಹೀರಾತಿನಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪನ್ನು ಬಸವನಹುಳುವಿನ ಬೆನ್ನಿಗೇರಿಸಿ ತೋರಿಸಿತ್ತು. ತಮ್ಮ ಮ್ಯಾಕ್‌ಗಳಲ್ಲಿದ್ದ ಪವರ್‌ಪಿಸಿ ಚಿಪ್ಪು ಎಷ್ಟು ಶ್ರೇಷ್ಠ, ಇಂಟೆಲ್ ಎಷ್ಟು ಕನಿಷ್ಠ ಎಂದು ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದರು. 2005ರ ಜೂನ್‌ನಲ್ಲಿ ಜಾಬ್ಸ್ ಇನ್ನು ಮುಂದೆ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ಪನ್ನೇ ಬಳಸುವುದಾಗಿ ಪ್ರಕಟಿಸಿದರು; ಮರುವರ್ಷದ ಜನವರಿಯಲ್ಲಿ ಅಂಥ ಮ್ಯಾಕ್‌ಗಳು ಮಾರುಕಟ್ಟೆಗೂ ಬಂದವು. ನಿನ್ನೆಯವರೆಗೆ ಬಸವನಹುಳುವಾಗಿದ್ದದ್ದು ಇಂದು ಕುದುರೆಯಾಯಿತು, ವಾದಿಸುವವರು ಮಾತ್ರ ಅವರೇ. 2020ರಲ್ಲಿ ಕಂಪನಿಯು ಇಂಟೆಲನ್ನು ಕೈಬಿಟ್ಟು ಎಂ1 ಎಂಬ ತನ್ನದೇ ಚಿಪ್ಪನ್ನು ತಂದಾಗ ವಾದ ಮತ್ತೊಮ್ಮೆ ಮಗ್ಗುಲು ಬದಲಿಸಿತು. ಎಂ1 ನಿಜಕ್ಕೂ ಒಳ್ಳೆಯ ಚಿಪ್ಪು, ಆ ಮಾತು ಬೇರೆ; ಕಂಪನಿ ಹೇಳಿದ್ದನ್ನು ತನ್ನದೇ ಅಭಿಪ್ರಾಯವೆಂದು ನಂಬಿಕೊಳ್ಳುವ ಅಭ್ಯಾಸದ ಕುರಿತು ನಾನು ಹೇಳುತ್ತಿದ್ದೇನೆ.

ಹೊರಗಿನ ಟೀಕಾಕಾರರ ಗತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಆಪಲನ್ನು ತಾನು ನಡೆಸುತ್ತಿದ್ದರೆ ಬಾಗಿಲು ಮುಚ್ಚಿ, ಹಣವನ್ನು ಷೇರುದಾರರಿಗೆ ಹಿಂದಿರುಗಿಸುತ್ತಿದ್ದೆ ಎಂದು ಡೆಲ್ ಕಂಪ್ಯೂಟರ್ ಕಂಪನಿಯ ಸ್ಥಾಪಕ ಮೈಕೆಲ್ ಡೆಲ್ 1997ರಲ್ಲಿ ಹೇಳಿದ್ದರು; 2006ರ ಜನವರಿಯಲ್ಲಿ ಆಪಲ್‌ನ ಮಾರುಕಟ್ಟೆ ಮೌಲ್ಯ ಡೆಲ್ ಕಂಪನಿಯದನ್ನು ದಾಟಿತು. 2007ರಲ್ಲಿ ಐಫೋನಿನ ಬೆಲೆ ಕೇಳಿ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಬಹಿರಂಗವಾಗಿಯೇ ನಕ್ಕರು. ಈ ಎರಡು ಪ್ರಸಂಗಗಳನ್ನು ಹೇಳಿ ಹೇಳಿ ದಣಿದ ಆಪಲ್ ಅಭಿಮಾನಿಯನ್ನು ನಾನಿನ್ನೂ ಕಂಡಿಲ್ಲ.

ಹಾಗಾದರೆ ಯಾರ ಟೀಕೆಯಿಂದ ಏನಾದರೂ ಬದಲಾಯಿತು? ನನ್ನ ದೃಷ್ಟಿಯಲ್ಲಿ, ಒಳಗಿದ್ದುಕೊಂಡೇ ಗೊಣಗಿದವರಿಂದ. ನಮ್ಮ ದಾಸರು ತಾವು ನಂಬಿದ ದೇವರನ್ನೇ ಎದುರು ನಿಲ್ಲಿಸಿಕೊಂಡು ಬೈದರು. ಆಪಲ್‌ನ ವಿಷಯದಲ್ಲಿಯೂ ಕಂಪನಿಗೆ ನಾಟಿದ್ದು ಆ ಬಗೆಯ ಬೈಗುಳವೇ. 2015ರಿಂದ ಆಪಲ್‌ನ ಲ್ಯಾಪ್‌ಟಾಪುಗಳಾದ ಮ್ಯಾಕ್‌ಬುಕ್‌ಗಳಿಗೆ ‘ಬಟರ್‌ಫ್ಲೈ’ ಎಂಬ ಅತಿ ತೆಳುವಾದ ಕೀಲಿಮಣೆ ಬಂತು. ಅದರ ಕೀಲಿಗಳ ಅಡಿಯಲ್ಲಿ ಒಂದು ಧೂಳಿನ ಕಣ ಸಿಕ್ಕಿದರೂ ಒತ್ತಿದ ಅಕ್ಷರ ಮೂಡದೆ ಹೋಗುತ್ತಿತ್ತು, ಇಲ್ಲವೇ ಒಂದಕ್ಕೆ ಎರಡು ಮೂಡುತ್ತಿತ್ತು. ದೂರಿದವರು ದಿನವೂ ಅದರ ಮೇಲೆ ಬರೆಯುವವರು, ಬಹುಮಟ್ಟಿಗೆ ಹಳೆಯ ಒಕ್ಕಲಿನವರೇ. ಹೀಗಾಗಿ ಅವರನ್ನು ವೈರಿಗಳೆಂದು ಬದಿಗೆ ಸರಿಸಲು ಕಂಪನಿಗೆ ಆಗಲಿಲ್ಲ. 2018ರಲ್ಲಿ ಉಚಿತ ದುರಸ್ತಿಯ ಯೋಜನೆ ಬಂತು, 2019ರ ಕೊನೆಗೆ ಹಳೆಯ ಬಗೆಯ ಕೀಲಿಮಣೆ ಮರಳತೊಡಗಿತು. 2021ರ ಮ್ಯಾಕ್‌ಬುಕ್ ಪ್ರೋದಲ್ಲಿ, ಹಿಂದೆ ಕಿತ್ತುಹಾಕಿದ್ದ, ಟಿ.ವಿ.ಗೋ ಪ್ರೊಜೆಕ್ಟರಿಗೋ ಜೋಡಿಸುವ ಎಚ್‌ಡಿಎಂಐ ಕಿಂಡಿ, ಕ್ಯಾಮೆರಾದ ಕಾರ್ಡು ತೂರಿಸುವ ಸೀಳು, ಅಯಸ್ಕಾಂತದಿಂದ ಅಂಟಿಕೊಳ್ಳುವ ಚಾರ್ಜರು ಎಲ್ಲವೂ ಹಿಂದಿರುಗಿದವು.

ಎಲ್ಲ ಗೊಣಗಾಟಕ್ಕೂ ಇಂಥ ಫಲ ಸಿಕ್ಕಿದೆಯೆಂದಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ದುರಸ್ತಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಬೇರೆ ಹಳೆಯ ಲ್ಯಾಪ್‌ಟಾಪುಗಳ ಬೆನ್ನನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಹಳೆಯ ರ್‍ಯಾಮ್ ಪಟ್ಟಿಯನ್ನು, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯ ತುಣುಕನ್ನು, ಉಗುರಿನಿಂದ ಎಬ್ಬಿಸಿ ತೆಗೆದು, ಹೊಸದನ್ನು ಓರೆಯಾಗಿ ತೂರಿಸಿ ಒತ್ತಿದರೆ ಕೆಲಸ ಮುಗಿಯಿತು. ಮ್ಯಾಕ್‌ಬುಕ್ ಬಂದರೆ ಹುಡುಗ ಪೆಟ್ಟಿಗೆಯಿಂದ ಐದು ಎಸಳಿನ ಸ್ಕ್ರೂವಿಗೆ ಹೊಂದುವ ಬೇರೆಯೇ ಮೊನೆಯನ್ನು ಹುಡುಕಿ ತೆಗೆಯುತ್ತಾನೆ. ಮುಚ್ಚಳ ತೆಗೆದರೆ ಒಳಗೆ ಬ್ಯಾಟರಿ ಕವಚಕ್ಕೆ ಅಂಟಿಕೊಂಡಿರುತ್ತದೆ, ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಮ್ಯಾಕ್‌ಬುಕ್ ಪ್ರೋ ಸಾಲಿನಲ್ಲಿ 2012ರ ರೆಟಿನಾ ಮಾದರಿಯಿಂದ ಮೊದಲಾದ ಪದ್ಧತಿಯಿದು. ಮುಂದೆ ನಾಲ್ಕಾರು ವರ್ಷಕ್ಕೆ ಎಷ್ಟು ರ್‍ಯಾಮ್ ಬೇಕಾದೀತೆಂದು ಕೊಳ್ಳುವ ದಿನವೇ ನಿರ್ಧರಿಸಬೇಕು, ಆ ದಿನವೇ ಹೆಚ್ಚಿನ ಹಣ ತೆರಬೇಕು. ಆರಂಭದ ದರ್ಜೆಯ ಮ್ಯಾಕ್‌ಗಳಲ್ಲಿ 8 ಜಿಬಿ ಇದ್ದದ್ದು 16ಕ್ಕೆ ಏರಿದ್ದು 2024ರ ಅಕ್ಟೋಬರಿನಲ್ಲಿ. ಇಷ್ಟು ತಡವಾದುದಕ್ಕೆ ನನಗೆ ಒಪ್ಪುವಂಥ ಸಮಜಾಯಿಷಿ ಯಾವ ಅಭಿಮಾನಿಯಿಂದಲೂ ಸಿಕ್ಕಿಲ್ಲ. ಹಳೆಯ ಮ್ಯಾಕ್‌ಗೆ ಮರುಮಾರಾಟದಲ್ಲಿ ಒಳ್ಳೆಯ ಬೆಲೆ ಬರುತ್ತದೆ ಎಂದು ಅವರು ಹೇಳುವ ಮಾತು ನಿಜ. ಅದು ಬೇರೆ ಪ್ರಶ್ನೆಯ ಉತ್ತರ.

ಕೊನೆಯದಾಗಿ ಬ್ಯಾಟರಿಯ ವಿಷಯ. ಹೊಸ ಫೋನು ಬಂದೊಡನೆ ಹಳೆಯ ಐಫೋನುಗಳು ನಿಧಾನವಾಗುತ್ತವೆ ಎಂದು ಟೀಕಾಕಾರರು ಬಹುಕಾಲದಿಂದ ಹೇಳುತ್ತಿದ್ದರು, ಅಭಿಮಾನಿಗಳು ಅದನ್ನು ಕಟ್ಟುಕತೆ ಎನ್ನುತ್ತಿದ್ದರು. 2017ರ ಡಿಸೆಂಬರಿನಲ್ಲಿ ಬಳಕೆದಾರರೇ ವೇಗವನ್ನು ಅಳೆದು, ಬ್ಯಾಟರಿ ಬದಲಿಸಿದ ಮೇಲೆ ಮತ್ತೆ ಅಳೆದು, ವ್ಯತ್ಯಾಸವನ್ನು ಮುಂದಿಟ್ಟರು. ಹಳೆಯ ಬ್ಯಾಟರಿಯ ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ವೇಗವನ್ನು ತಗ್ಗಿಸುತ್ತಿದ್ದುದಾಗಿ ಕಂಪನಿ ಒಪ್ಪಿಕೊಂಡಿತು. ಕಾರಣ ತಾಂತ್ರಿಕವಾಗಿ ಸರಿಯೇ ಇತ್ತು, ಹೇಳದೆ ಮಾಡಿದ್ದು ಸರಿಯಿರಲಿಲ್ಲ. ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರ 79 ಡಾಲರಿನಿಂದ 29ಕ್ಕೆ ಇಳಿಯಿತು. 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ಈ ನಡುವೆ, 2018ರ ಮಾರ್ಚಿನಲ್ಲಿ, ಬ್ಯಾಟರಿಯ ಸಾಮರ್ಥ್ಯ ಶೇಕಡಾ ಎಷ್ಟು ಉಳಿದಿದೆ ಎಂದು ತೋರಿಸುವ ಸೌಲಭ್ಯ ಐಫೋನಿನೊಳಗೇ ಬಂತು. ಇಂದು ಮುಂಬಯಿಯಲ್ಲಿ ಹಳೆಯ ಐಫೋನ್ ಕೊಳ್ಳಲು ಹೋದವರು, ಭಕ್ತರಿರಲಿ ಬೈಯುವವರಿರಲಿ, ಬೆಲೆ ಕೇಳುವ ಮುನ್ನ ಕೇಳುವ ಪ್ರಶ್ನೆ “ಬ್ಯಾಟರಿ ಹೆಲ್ತ್ ಎಷ್ಟಿದೆ?” ಎಂಬುದು. ಅಂಗಡಿಯವನು ಫೋನನ್ನು ತಿರುಗಿಸಿ ಆ ಅಂಕಿಯನ್ನು ತೋರಿಸಿದ ಮೇಲೆಯೇ ಚೌಕಾಸಿ ಶುರುವಾಗುವುದು.

ನಮಸ್ಕಾರ.