ಸಾವಿರ ಲೀಟರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳ ಮೂಲವಸ್ತು ತಯಾರಾಗುತ್ತದೆ. ಅಂಥ ಕೆಲಸಕ್ಕೆ ಸೇರುವ ಮೈಸೂರಿನ ಎಂಎಸ್ಸಿ ಹುಡುಗರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಒಂದು ಲೀಟರಿನ ಫ್ಲಾಸ್ಕಿನಲ್ಲಿ ಆದದ್ದು ಸಾವಿರ ಲೀಟರಿನ ರಿಯಾಕ್ಟರಿನಲ್ಲಿ, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ದೊಡ್ಡ ಪಾತ್ರೆಯಲ್ಲಿ, ಯಾಕಾಗಬಾರದು? ಎಲ್ಲವನ್ನೂ ಸಾವಿರದಿಂದ ಗುಣಿಸಿದರಾಯಿತಲ್ಲ?

ಗುಣಿಸಿ. ಆದರೆ ಪಾತ್ರೆಯ ಮೈ ಆ ಲೆಕ್ಕಕ್ಕೆ ಒಪ್ಪುವುದಿಲ್ಲ. ಅದೇ ಆಕಾರದ ಪಾತ್ರೆ ಸಾವಿರ ಪಟ್ಟು ದೊಡ್ಡದಾದರೆ ಅದರ ಗೋಡೆ ಬೆಳೆಯುವುದು ನೂರೇ ಪಟ್ಟು. ಶಾಖ ಹುಟ್ಟುವುದು ಇಡೀ ದ್ರವದಲ್ಲಿ, ಹೊರಗೆ ಹೋಗಬೇಕಾದದ್ದು ಗೋಡೆಯ ಮೂಲಕ. ಒಂದೊಂದು ಲೀಟರಿನ ಪಾಲಿಗೆ ಉಳಿಯುವ ಗೋಡೆ ಮೊದಲಿನ ಹತ್ತರಲ್ಲೊಂದು. ಮಂಡ್ಯದ ಆಲೆಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಲ್ಲದ ಪಾಕವನ್ನು ಕೊಪ್ಪರಿಗೆಯಲ್ಲೇ ಬಿಡದೆ ಅಗಲವಾದ ತೊಟ್ಟಿಗೆ ಸುರಿದು ಆರಿಸುತ್ತಾರೆ.

ರಿಯಾಕ್ಟರಿನಲ್ಲಿ ಹಾಗೆ ಹರಡಲು ಬರುವುದಿಲ್ಲ. ಶಾಖ ಒಳಗೇ ಉಳಿದರೆ ಕ್ರಿಯೆ ಚುರುಕಾಗುತ್ತದೆ, ಚುರುಕಾದಷ್ಟೂ ಇನ್ನಷ್ಟು ಶಾಖ. ಹತ್ತು ಡಿಗ್ರಿ ಏರಿದರೆ ಎಷ್ಟೋ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿ. ರಿಯಾಕ್ಟರಿನ ಸುತ್ತ ಇರುವ ಹೊರಕವಚದಲ್ಲಿ, ಅಂದರೆ ಜಾಕೆಟ್ಟಿನಲ್ಲಿ, ಹರಿಯುವ ತಣ್ಣೀರು ಅಷ್ಟು ಜೋರಾಗಿ ಶಾಖ ಎಳೆಯಲಾರದು.

2007ರ ಡಿಸೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟಿ-2 ಲ್ಯಾಬೊರೇಟರೀಸ್ ಎಂಬ ಕಾರ್ಖಾನೆಯ ರಿಯಾಕ್ಟರ್ ಹೀಗೇ ಸಿಡಿದು 4 ಜನ ಸತ್ತರು. ಪೆಟ್ರೋಲಿಗೆ ಬೆರೆಸುವ ಮ್ಯಾಂಗನೀಸ್ ಸಂಯುಕ್ತವನ್ನು ಅಲ್ಲಿ ತಯಾರಿಸುತ್ತಿದ್ದರು. ಒಂದು ಲೀಟರಿನ ಪ್ರಯೋಗದಿಂದ ಸುಮಾರು ಒಂಬತ್ತು ಸಾವಿರ ಲೀಟರಿನ ರಿಯಾಕ್ಟರಿಗೆ ಒಂದೇ ನೆಗೆತ. ನಡುವೆ ಮಧ್ಯಮ ಗಾತ್ರದಲ್ಲಿ ಪರೀಕ್ಷಿಸಿ ನೋಡುವ ಪೈಲಟ್ ಪ್ಲಾಂಟ್ ಇಲ್ಲ. ತಂಪುನೀರು ಕೈಕೊಟ್ಟರೆ ಬದಲಿ ವ್ಯವಸ್ಥೆಯೂ ಇಲ್ಲ. ಸಿಡಿದದ್ದು 175ನೆಯ ಬ್ಯಾಚು. ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಅಂಕಿಯೇ. ನೂರು ಬ್ಯಾಚು ಇಳಿಸಿದವರಿಗೆ ಅನುಮಾನ ಎಲ್ಲಿಂದ ಬರಬೇಕು?

ಹಾಗಾಗಿ, ಶಾಖ ಒಮ್ಮೆಲೇ ಹುಟ್ಟದಿರಲೆಂದು, ಲ್ಯಾಬಿನಲ್ಲಿ ಹತ್ತು ನಿಮಿಷದಲ್ಲಿ ಸುರಿದದ್ದನ್ನು ಪ್ಲಾಂಟಿನಲ್ಲಿ ನಾಲ್ಕೈದು ಗಂಟೆ ಹನಿಸಬೇಕಾಗಬಹುದು. ಅಷ್ಟು ಹೊತ್ತು ಆ ಮಿಶ್ರಣ ಕೆಡದೆ ಇರುತ್ತದೆಯೇ ಎಂಬುದನ್ನು ಲ್ಯಾಬಿನಲ್ಲೇ ನೋಡಿಕೊಂಡಿರಬೇಕು. ವಸ್ತುಗಳನ್ನು ಕರಗಿಸಲು ಲ್ಯಾಬಿನಲ್ಲಿ ಬಳಸುವ ಈಥರ್ ಬೇಗ ಹೊತ್ತಿಕೊಳ್ಳುವುದರಿಂದ ಅದರ ಜಾಗಕ್ಕೆ ಟಾಲ್ವೀನ್‌ನಂಥದ್ದು ಬರುತ್ತದೆ. ಕಾಲಂ ಹಾಕಿ, ಅಂದರೆ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ, ಶುದ್ಧಿ ಮಾಡುವ ಬದಲು ಹರಳು ಕಟ್ಟಿಸುತ್ತಾರೆ. ಫಿಲ್ಟರ್, ಒಣಗಿಸುವ ಕೆಲಸಗಳ ಗೋಳು ಬೇರೆಯೇ, ಇವತ್ತು ಅದು ಬೇಡ.

ಹೊಸಬರು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಹನಿಸುವಾಗ ಮಿಶ್ರಣ ಕಲಕುವ ಸ್ಟಿರರ್ ನಿಂತರೆ ಸುರಿದದ್ದು ಬೆರೆಯದೆ ಹಾಗೇ ಕೂತಿರುತ್ತದೆ. ಗಾಬರಿಯಲ್ಲಿ ಸ್ವಿಚ್ ಒತ್ತಿದರೆ ಅಷ್ಟೂ ಒಟ್ಟಿಗೇ ಕ್ರಿಯೆಗಿಳಿಯುತ್ತದೆ. ಮೊದಲು ಹನಿಸುವ ಕೊಳವೆಯ ಫೀಡ್ ವಾಲ್ವ್ ಮುಚ್ಚಿ, ಜಾಕೆಟ್ಟಿಗೆ ತಂಪು ಹರಿಯುತ್ತಿದೆಯೇ ನೋಡಿ, ಶಿಫ್ಟ್ ಇನ್‌ಚಾರ್ಜನ್ನು ಕರೆಯಿರಿ. ಅವರು ಬರುವತನಕ ಸ್ಟಿರರ್ ಮುಟ್ಟಬೇಡಿ.